ರೈಟರ್ ಮಲ್ಲೇಶನ ಒಂದು ದಿನದ ಇಂಗ್ಲಿಷು

ಮಲ್ಲೇಶನ ಕಷ್ಟಕ್ಕೆಲ್ಲ ಮೂಲ ಅವನೇ ಕೆಂಪು ಶಾಯಿಯಲ್ಲಿ ಬರೆದ ಎರಡು ಪದ. ಮೂರನೇ ಕ್ಲಾಸಿನ ಮಗಳು ದಿವ್ಯಾ ಇಂಗ್ಲಿಷಿನಲ್ಲಿ 'ನನ್ನ ತಂದೆ' ಅಂತ ಹತ್ತು ಸಾಲು ಬರೆದು ತಂದು ತೋರಿಸಿದಾಗ ಅವನು ಅದನ್ನು ಮೇಲಿಂದ ಕೆಳಗೆ ನೋಡಿದ, ನಡುವೆ ಒಂದೆರಡು ಕಡೆ ಹುಬ್ಬು ಗಂಟಿಕ್ಕಿದ, ಕೊನೆಗೆ 'ವೆರಿ ಗುಡ್' ಎಂದು ಬರೆದು ಕೆಳಗೊಂದು ಸಹಿ ಹಾಕಿದ. ಆ ಹತ್ತು ಸಾಲಿನಲ್ಲಿ ಅವನಿಗೆ ಖಚಿತವಾಗಿ ಅರ್ಥವಾದದ್ದು ಅವನ ಹೆಸರು ಮಾತ್ರ.

ಮಲ್ಲೇಶ ಮೂಡಿಗೆರೆಯಿಂದ ದೇವರಮನೆ ಕಡೆಗೆ ಹೋಗುವ ದಾರಿಯಲ್ಲಿರುವ ಬಿದರಗುಡ್ಡ ಎಸ್ಟೇಟಿನ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಹಿಡಿದು, ಯಾರು ಯಾವ ಬ್ಲಾಕಿಗೆ ಹೋಗಬೇಕೆಂದು ಮೇಸ್ತ್ರಿಗೆ ಹೇಳುವುದು ಅವನ ಕೆಲಸ. ಪಲ್ಪರ್, ಪಾರ್ಚ್‌ಮೆಂಟು, ಪರ್ಮನೆಂಟು, ರೆಗ್ಯುಲರು, ಆಬ್ಸೆಂಟು ಮುಂತಾದ ಎಸ್ಟೇಟ್ ಇಂಗ್ಲಿಷು ಅವನ ಬಾಯಲ್ಲಿ ಬೈಕಿನ ಹಾಗೆ ಓಡುತ್ತಿತ್ತು. ಆದರೆ ಎಸ್ಟೇಟಿನ ಗೇಟು ದಾಟಿದ ಮೇಲೆ ಆ ಬೈಕಿಗೆ ಪೆಟ್ರೋಲ್ ಇರುತ್ತಿರಲಿಲ್ಲ. ಇದು ಅವನಿಗೊಬ್ಬನಿಗೇ ಗೊತ್ತಿದ್ದ ಗುಟ್ಟು.

ಹೆಂಡತಿ ಭುವನಾ ಆ ನೋಟ್‌ಬುಕ್ಕನ್ನು ಪಕ್ಕದ ಮನೆ ಅಂಜನಮ್ಮನಿಗೆ ತೋರಿಸಿದಳು. "ನಮ್ಮನೆಯವ್ರೇ ತಿದ್ದಿದ್ದು" ಅಂದಳು. ಅಂಜನಮ್ಮ ಎಸ್ಟೇಟಿನ ಅಂಚಿನಲ್ಲಿರುವ ಪುಟ್ಟ ಹೆಂಚಿನ ಚರ್ಚಿನಲ್ಲಿ ಏನೇ ಕಾರ್ಯಕ್ರಮವಾದರೂ ಅಡುಗೆ ಮಾಡುವವಳು. ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಚರ್ಚಿಗೆ ತಲುಪಿತು. ಮರುದಿನವೇ ಪಾಸ್ಟರ್ ಪ್ರಸನ್ನಕುಮಾರ್ ಮಲ್ಲೇಶನ ಮನೆ ಬಾಗಿಲಿಗೆ ಬಂದರು.

"ರೈಟ್ರೆ, ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು. ಬೇಸಿಗೆ ರಜೆಯಲ್ಲಿ ನಾವು ಮಕ್ಕಳಿಗೆ ಐದು ದಿನ ಕಾರ್ಯಕ್ರಮ ಮಾಡ್ತೀವಲ್ಲ, ಹಾಡು, ಕತೆ, ಚಿತ್ರ ಬಿಡಿಸೋದು. ಈ ಸಲ ಫಾರಿನ್ನಿಂದ ಮೂರು ಜನ ಬರ್ತಿದಾರೆ. ಪಾಪ, ತಾವಾಗೇ ರಜೆ ಹಾಕಿ, ಸೇವೆ ಮಾಡ್ತೀವಿ ಅಂತ ಅಷ್ಟು ದೂರದಿಂದ ಬರೋರು. ಅವರ ಹುಡುಗಿ ಇಂಗ್ಲಿಷಲ್ಲಿ ಹೇಳ್ತಾಳೆ, ನೀವು ಮಕ್ಕಳಿಗೆ ಕನ್ನಡದಲ್ಲಿ ಹೇಳಿದ್ರೆ ಆಯ್ತು. ನಂದು ಓದೋ ಇಂಗ್ಲಿಷು. ಅವ್ರು ಮಾತಾಡಿದ್ರೆ ನಂಗೆ ಅರ್ಧ ಹಾರಿ ಹೋಗುತ್ತೆ."

ಮಲ್ಲೇಶ 'ಎಸ್ಟೇಟಲ್ಲಿ ಕೆಲಸ ಜಾಸ್ತಿ' ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿಂದ ದಿವ್ಯಾ ಬಂದು ಅವನ ಕೈ ಹಿಡಿದು ನಿಂತಳು.

"ನಮ್ಮಪ್ಪಂಗೆ ಎಲ್ಲಾ ಇಂಗ್ಲಿಷೂ ಬರುತ್ತೆ" ಅಂದಳು ಪಾಸ್ಟರಿಗೆ.

ಮಗಳು ಅಷ್ಟು ನಂಬಿಕೆಯಿಂದ ಮುಖ ನೋಡುವಾಗ ಇಲ್ಲ ಅನ್ನುವ ಅಪ್ಪಂದಿರು ಇರಬಹುದು. ಮಲ್ಲೇಶ ಆ ಪೈಕಿಯವನಲ್ಲ. "ನೋಡೋಣ ಪಾಸ್ಟ್ರೆ" ಅಂದ. ಪಾಸ್ಟರ್ ಅದನ್ನು ಹೂಂ ಎಂದೇ ತಿಳಿದು ಕಾಫಿ ಕುಡಿದು ಹೋದರು.

ಸೋಮವಾರ ಬೆಳಿಗ್ಗೆ ಮಲ್ಲೇಶ ಇಸ್ತ್ರಿ ಅಂಗಿ ಹಾಕಿಕೊಂಡು, ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಚರ್ಚಿಗೆ ಬಂದಾಗ ಎಂಟೂವರೆ. ಹೂಮಳೆ ಬಿದ್ದು ಹತ್ತು ದಿನವಾಗಿತ್ತು. ತೋಟವಿಡೀ ಕಾಫಿ ಹೂವಿನ ಘಮ, ಎಲ್ಲಿ ನೋಡಿದರೂ ಜೇನುಹುಳದ ಗುಂಯ್. ಚರ್ಚಿನ ಅಂಗಳದಲ್ಲಿ ಆಗಲೇ ನಲವತ್ತು ಮಕ್ಕಳು ಸೇರಿದ್ದರು. ಚರ್ಚಿನ ಮಕ್ಕಳು ಇಪ್ಪತ್ತು. ಮಧ್ಯಾಹ್ನ ಪಾಯಸ ಇದೆಯೆಂದು ಕೇಳಿ ಬಂದವರು ಇನ್ನಿಪ್ಪತ್ತು.

"ಪಾಸ್ಟ್ರೆಲ್ಲಿ?" ಎಂದು ಮಲ್ಲೇಶ ಅಂಜನಮ್ಮನನ್ನು ಕೇಳಿದ.

ಅಂಜನಮ್ಮ ಒಲೆ ಊದುತ್ತಿದ್ದವಳು ತಲೆ ಎತ್ತಿದಳು. "ಆ ಫಾರಿನ್ನವರ ಪೈಕಿ ಒಂದು ಹುಡುಗಿಗೆ ಹೊಟ್ಟೆ ಕೆಟ್ಟು ಚಿಕ್ಕಮಗಳೂರಲ್ಲೇ ಉಳ್ಕೊಂಡಿದೆಯಂತೆ. ಕರ್ಕೊಂಡು ಬರೋಕೆ ಜೀಪಲ್ಲಿ ಹೋದ್ರು. ಹೋಗೋವಾಗ ಏನೋ ಹೇಳಿದ್ರಪ್ಪ. ಜೀಪಿನ ಶಬ್ದದಲ್ಲಿ ಸರಿ ಕೇಳ್ಲಿಲ್ಲ. 'ರೈಟ್ರಿಗೆ ಹೇಳಿ, ಶುರು ಮಾಡೋದು' ಅಂತ ಕೇಳಿಸ್ತು. ಶುರು ಮಾಡಿ."

ಪಾಸ್ಟರ್ ಹೇಳಿದ್ದು 'ಶುರು ಮಾಡೋದು ನಾವು ಬಂದ ಮೇಲೆ' ಎಂದು. ಎರಡನೇ ಅರ್ಧ ಜೀಪಿನ ಹೊಗೆಯಲ್ಲಿ ಹೋಗಿತ್ತು. ಕೇಳೋಣವೆಂದರೆ ಚರ್ಚಿದ್ದ ಆ ತಗ್ಗಿನಲ್ಲಿ ಫೋನಿಗೆ ಒಂದು ಗೆರೆ ಸಿಗ್ನಲ್ಲೂ ಸಿಗುತ್ತಿರಲಿಲ್ಲ.

ಚರ್ಚಿನೊಳಗಿಂದ ಇಬ್ಬರು ಬಿಳಿಯರು ಬಂದರು. ಅರವತ್ತು ದಾಟಿದ ಗಂಡ ಹೆಂಡತಿ. ಕೊರಳಲ್ಲಿ ನೇತಾಡುತ್ತಿದ್ದ ಚೀಟಿಯಲ್ಲಿ ಯಾರೋ ಕನ್ನಡದಲ್ಲಿ 'ಇಲೋನಾ ಆಂಟಿ', 'ಲಾಸ್ಲೋ ಅಂಕಲ್' ಎಂದು ಬರೆದುಕೊಟ್ಟಿದ್ದರು. ಇಲೋನಾ ಮಲ್ಲೇಶನ ಎರಡೂ ಕೈ ಹಿಡಿದು ನಗುತ್ತಾ, "ಯೋ ರೆಗ್ಗೆಲ್ತ್" ಅಂದರು.

ಮಲ್ಲೇಶನಿಗೆ ಅದರಲ್ಲಿ 'ರೆಗ್ಯುಲರ್' ಎಂಬ ಪದ ಸಿಕ್ಕಿತು. ನೀನು ರೆಗ್ಯುಲರ್ ಕೆಲಸದವನೋ, ದಿನಗೂಲಿಯವನೋ ಎಂದು ಕೇಳುತ್ತಿದ್ದಾರೆ.

"ಯೆಸ್ ಮೇಡಂ. ಐ ಪರ್ಮನೆಂಟ್" ಅಂದ.

ಇಲೋನಾ ಇನ್ನಷ್ಟು ನಕ್ಕು ಅವನ ಬೆನ್ನು ತಟ್ಟಿದರು. ಮಲ್ಲೇಶನಿಗೆ ಧೈರ್ಯ ಬಂತು. ಇಷ್ಟೇ ಆದರೆ ಪರವಾಗಿಲ್ಲ ಅನ್ನಿಸಿತು.

ಆ ಧೈರ್ಯ ಹತ್ತು ನಿಮಿಷ ಬಾಳಿತು. ಮಕ್ಕಳೆಲ್ಲ ಒಳಗೆ ಚಾಪೆಯ ಮೇಲೆ ಕೂತರು. ದಿವ್ಯಾ ಎಲ್ಲರಿಗಿಂತ ಮುಂದೆ, ಅಪ್ಪನ ಕಾಲ ಬುಡದಲ್ಲೇ. ಕೊನೆಯ ಬೆಂಚಿನಲ್ಲಿ ಪಕ್ಕದ ತೋಟದ ಪುಟ್ಟಸ್ವಾಮಿ ಬಂದು ಕೂತಿದ್ದರು. ಊರಿನಲ್ಲಿ ಎಲ್ಲಿ ನಾಲ್ಕು ಜನ ಸೇರಿದರೂ ಅವರು ಐದನೆಯವರು. ಫಾರಿನ್ನವರು ಮಕ್ಕಳಿಗೆ ಎಂತ ಹೇಳಿಕೊಡುತ್ತಾರೆ ಅಂತ ಒಂದು ಕಣ್ಣಿಡಲು ಬಂದಿದ್ದರು.

ಇಲೋನಾ ಮಾತು ಶುರು ಮಾಡಿದರು. ನಲ್ಲಿ ಬಿಟ್ಟ ಹಾಗೆ ಒಂದು ನಿಮಿಷ ಮಾತಾಡಿ ಮಲ್ಲೇಶನ ಕಡೆ ನೋಡಿದರು. ಅವನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಎಸ್ಟೇಟಿಗೆ ಬರುವ ಟೂರಿಸ್ಟುಗಳ ಇಂಗ್ಲಿಷಿನಲ್ಲಿ ಒಂದೆರಡು ಪದವಾದರೂ ಸಿಗುತ್ತಿತ್ತು. ಇದು ಶುದ್ಧ ಅಸಲಿ ಇಂಗ್ಲಿಷಿರಬೇಕು, ಒಂದು ಚೂರೂ ಕಲಬೆರಕೆ ಇಲ್ಲದ್ದು.

"ನಿಮ್ಮನ್ನೆಲ್ಲ ನೋಡಿ ಇವ್ರಿಗೆ ಭಾಳ ಖುಷಿ ಆಯ್ತಂತೆ" ಅಂದ.

ಇಲೋನಾ ಮತ್ತೊಂದು ನಿಮಿಷ ಮಾತಾಡಿದರು.

"ಇನ್ನೂ ಖುಷಿ ಆಯ್ತಂತೆ."

ಮತ್ತೊಂದು ನಿಮಿಷ.

"ಖುಷಿ ಹೆಚ್ಚಾಗ್ತಾ ಇದೆಯಂತೆ."

ಹಿಂದಿನ ಬೆಂಚಿನಿಂದ ಪುಟ್ಟಸ್ವಾಮಿ ಕೇಳಿದರು, "ಅಲ್ಲ ರೈಟ್ರೆ, ಖುಷಿ ಒಂದನ್ನೇ ಇಷ್ಟು ಹೊತ್ತು ಹೇಳಿದ್ರಾ ಅವ್ರು?"

ಮಲ್ಲೇಶನ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿತು. ಮಕ್ಕಳು ಪಿಸಪಿಸ ಶುರು ಮಾಡಿದರು. ಗದ್ದಲ ಏರಿತು. ಆಗ ಇಲೋನಾ ಎರಡೂ ಕೈ ಮೇಲೆತ್ತಿ ಗಟ್ಟಿಯಾಗಿ, "ಚೆಂಡ್, ಚೆಂಡ್" ಅಂದರು.

ಮಲ್ಲೇಶನಿಗೆ ಹೋದ ಜೀವ ಬಂದ ಹಾಗಾಯಿತು. ಪಾಪ, ಮಕ್ಕಳಿಗಾಗಿ ನಾಲ್ಕು ಕನ್ನಡ ಪದ ಕಲಿತು ಬಂದಿದ್ದಾರೆ. ಮೂಲೆಯಲ್ಲಿದ್ದ ಆಟದ ಚೀಲಕ್ಕೆ ಕೈಹಾಕಿ ಒಂದು ದೊಡ್ಡ ಚೆಂಡು ತೆಗೆದು ಮಕ್ಕಳ ನಡುವೆ ಎಸೆದ. ಚರ್ಚಿನೊಳಗೆ ಹಬ್ಬವಾಯಿತು. ಇಲೋನಾ ಇನ್ನೂ ಜೋರಾಗಿ "ಚೆಂಡ್" ಎಂದು ಕೂಗಿದರು. ಮಲ್ಲೇಶ ಇನ್ನೊಂದು ಚೆಂಡು ಎಸೆದ. ಮೂರನೇ ಸಲ ಕೂಗುವ ಹೊತ್ತಿಗೆ ಚೀಲ ಖಾಲಿಯಾಗಿತ್ತು. ಅವನು ಕೈ ಅಲ್ಲಾಡಿಸಿ, "ಫಿನಿಶ್ ಮೇಡಂ" ಅಂದ.

ಮಕ್ಕಳು ದಣಿದು ಕೂರುವಷ್ಟರಲ್ಲಿ ಹತ್ತು ಗಂಟೆ. ಪಾಸ್ಟರ್ ಪತ್ತೆಯಿಲ್ಲ. ಈಗ ಲಾಸ್ಲೋ ಎದ್ದು ಒಂದು ಬಣ್ಣದ ಹಾಳೆ ಹಿಡಿದು ಏನೋ ಹೇಳತೊಡಗಿದರು. ಮಲ್ಲೇಶ ಕಿಟಕಿಯಾಚೆ ತನ್ನ ಬೈಕು ನಿಂತಿರುವ ಜಾಗ ನೋಡಿದ. ಬಾಗಿಲಿಗೂ ಬೈಕಿಗೂ ಎಷ್ಟು ಹೆಜ್ಜೆ ಎಂದು ಲೆಕ್ಕ ಹಾಕುತ್ತಿರುವಾಗ ಯಾರೋ ಅವನ ಅಂಗಿ ಜಗ್ಗಿದರು. ದಿವ್ಯಾ.

"ಅಪ್ಪ, ಬಗ್ಗು" ಅಂದಳು. ಅವನು ಬಗ್ಗಿದ. "ಹಾಳೇನ ಎರಡು ಸಲ ಮಡಚಿ, ಆಮೇಲೆ ಕತ್ತರಿಸ್ಬೇಕಂತೆ" ಎಂದು ಕಿವಿಯಲ್ಲಿ ಹೇಳಿದಳು.

ಮಲ್ಲೇಶ ಮಗಳ ಮುಖ ನೋಡಿದ. ಅವಳ ಮುಖದಲ್ಲಿ ಅಪ್ಪನನ್ನು ಹಿಡಿದುಹಾಕಿದ ಗೆಲುವೇನೂ ಇರಲಿಲ್ಲ. ಅವನಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಸೇರಿಸಿದ್ದು ಸಾರ್ಥಕ ಅಂದುಕೊಂಡ. ಗಂಟಲು ಸರಿಮಾಡಿ, "ಹಾಳೇನ ಎರಡು ಸಲ ಮಡಚಿ, ಆಮೇಲೆ ಕತ್ತರಿಸಿ" ಎಂದು ಸಾರಿದ. ಮರುಕ್ಷಣ ಲಾಸ್ಲೋ ಹಾಳೆಯನ್ನು ಎರಡು ಸಲ ಮಡಚಿ ಕತ್ತರಿಸಿ ತೋರಿಸಿದರು.

ಅಲ್ಲಿಂದ ಮುಂದೆ ಎಲ್ಲ ಸಲೀಸು. ಮಗಳು ಕಿವಿಯಲ್ಲಿ ಹೇಳುವುದು, ಅಪ್ಪ ಗಟ್ಟಿಯಾಗಿ ಹೇಳುವುದು. ಒಂದು ಸಲ ಮಾತ್ರ ಲಾಸ್ಲೋ ಎದೆಯ ಮೇಲೆ ಕೈಯಿಟ್ಟು ಐದು ನಿಮಿಷ ಮಾತಾಡಿದರು. ಕೊನೆಗೆ ಕಣ್ಣೊರೆಸಿಕೊಂಡರು. ದಿವ್ಯಾ ಸ್ವಲ್ಪ ಯೋಚಿಸಿ, "ಊಟಕ್ಕೆ ಮುಂಚೆ ಕೈ ತೊಳೀಬೇಕಂತೆ" ಅಂದಳು.

"ಅಷ್ಟು ಹೊತ್ತು ಹೇಳಿದ್ದು ಅದಷ್ಟೇನಾ?"

"ಸೋಪಲ್ಲಿ" ಅಂದಳು ದಿವ್ಯಾ.

ಪಾಪ, ಅವರ ಕಡೆ ಯಾರೋ ಕೈ ತೊಳೆಯದೆ ತೀರಿಕೊಂಡಿರಬೇಕು ಎಂದುಕೊಂಡ ಮಲ್ಲೇಶ, ಕೈ ತೊಳೆಯುವ ವಿಷಯವನ್ನು ಮಕ್ಕಳಿಗೆ ತುಸು ಭಾರವಾದ ದನಿಯಲ್ಲೇ ಹೇಳಿದ.

ಆಮೇಲೆ ಇಲೋನಾ ಒಂದು ದೊಡ್ಡ ಚಿತ್ರ ಎತ್ತಿ ಹಿಡಿದರು. ಗಡ್ಡದ ಮನುಷ್ಯ, ಅವನ ಹೆಗಲ ಮೇಲೆ ಒಂದು ಕುರಿಮರಿ, ದೂರದಲ್ಲಿ ಕುರಿಮಂದೆ. ಅವರ ಮಾತಿನ ನಡುವೆ 'ಯೇಜುಶ್' ಎಂದೂ 'ಅಪ' ಎಂದೂ ಕೇಳಿಸಿತು. ಯೇಸು, ಅಪ್ಪ. ಮತ್ತೆರಡು ಕನ್ನಡ ಪದ. ಇಷ್ಟು ಕಷ್ಟಪಟ್ಟು ಕಲಿತವರನ್ನು ನಿರಾಸೆ ಮಾಡಬಾರದು ಅನ್ನಿಸಿತು ಮಲ್ಲೇಶನಿಗೆ. ದಿವ್ಯಾ "ಕುರಿ ಕಳೆದುಹೋಗಿತ್ತಂತೆ" ಎಂದದ್ದೇ ತಡ, ಮಿಕ್ಕಿದ್ದನ್ನು ಅವನೇ ವಹಿಸಿಕೊಂಡ.

"ಒಬ್ಬ ಯಜಮಾನ ಇದ್ದ. ಅವನ ಹತ್ರ ನೂರು ಕುರಿ. ದಿನಾ ಸಂಜೆ ಹಾಜರಿ ಹಿಡೀತಿದ್ದ. ಒಂದಿನ ಹಾಜರಿ ಹಿಡಿದ್ರೆ ತೊಂಬತ್ತೊಂಬತ್ತು ಪ್ರೆಸೆಂಟು, ಒಂದು ಆಬ್ಸೆಂಟು. ಬೇರೆ ಯಾರಾದ್ರೂ ಆಗಿದ್ರೆ, ಹೋಗ್ಲಿ, ಒಂದು ತಾನೆ ಅಂತ ಪುಸ್ತಕ ಮುಚ್ಚಿ ಊಟಕ್ಕೆ ಕೂರ್ತಿದ್ರು. ಇವ್ನು ಕೂರ್ಲಿಲ್ಲ. ತೊಂಬತ್ತೊಂಬತ್ತನ್ನೂ ಅಲ್ಲೇ ಬಿಟ್ಟು, ಮಂಜಲ್ಲಿ, ಇಂಬಳ ಕಡಿಸ್ಕೊಳ್ತಾ, ದೇವರಮನೆ ಗುಡ್ಡ ಪೂರ್ತಿ ಹುಡುಕ್ದ. ಕೊನೆಗೆ ಶೋಲಾ ಕಾಡಿನ ಅಂಚಲ್ಲಿ ಒಂದು ಸಣ್ಣ ದನಿ ಕೇಳಿಸ್ತು. ಹೋಗಿ ನೋಡಿದ್ರೆ ಅದೇ ಮರಿ, ಮುಳ್ಳಲ್ಲಿ ಸಿಕ್ಕಾಕ್ಕೊಂಡಿದೆ. ಬೈದ್ನಾ? ಬೈಲಿಲ್ಲ. ಹೊಡೆದ್ನಾ? ಇಲ್ಲ. ಹೆಗಲ ಮೇಲೆ ಕೂರಿಸ್ಕೊಂಡು ಬಂದ. ಬಂದವ್ನೇ ಊರವ್ರನ್ನೆಲ್ಲ ಕರೆದು, ನನ್ನ ಮರಿ ಸಿಕ್ತು ಅಂತ ಊಟ ಹಾಕಿಸ್ದ."

ನಲವತ್ತು ಮಕ್ಕಳೂ ಬಾಯಿ ತೆರೆದು ಕೇಳಿದರು. ಪಾಯಸಕ್ಕೆ ಬಂದವರೂ ಪಾಯಸ ಮರೆತರು. ಇಲೋನಾ ಆ ಮೌನ ನೋಡಿ ಎದೆ ತುಂಬಿ ತಲೆಯಾಡಿಸಿದರು.

ಪುಟ್ಟಸ್ವಾಮಿಯವರೂ ಬೆಂಚಿನ ಅಂಚಿಗೆ ಬಂದಿದ್ದರು. "ಮಂಜಲ್ಲಿ ಒಬ್ನೇ ಹೋದ್ನಾ? ದೇವರಮನೆ ಭೈರವನಿಗೆ ಒಂದು ಹರಕೆನಾದ್ರೂ ಹೊತ್ಕೊಂಡಿದ್ನಾ?"

ಇಂಗ್ಲಿಷಿನಲ್ಲಿ ಅದು ಇತ್ತೋ ಇಲ್ಲವೋ ಮಲ್ಲೇಶನಿಗೆ ಗೊತ್ತಿರಲಿಲ್ಲ. ಇಲೋನಾ ಕಡೆ ನೋಡಿದ. ಅವರು ಇನ್ನೂ ತಲೆಯಾಡಿಸುತ್ತಲೇ ಇದ್ದರು.

"ಹೊತ್ಕೊಂಡಿದ್ದ" ಅಂದ.

"ಮತ್ತೆ ಸರಿ" ಎಂದರು ಪುಟ್ಟಸ್ವಾಮಿ. "ಒಳ್ಳೆ ಜನ ಮಾರಾಯ." ಸಮಾಧಾನದಿಂದ ಎದ್ದು ತೋಟಕ್ಕೆ ಹೋದರು.

ಊಟದ ಹೊತ್ತಿಗೆ ಅಂಜನಮ್ಮ ಸೌಟು ಹಿಡಿದು ಬಂದಳು. ಸಾರು, ಅನ್ನ, ಎಲೆಕೋಸಿನ ಪಲ್ಯ. ಇಲೋನಾ ತಟ್ಟೆಗೆ ಅನ್ನ ಬೀಳುತ್ತಲೇ ಕೈ ಜೋಡಿಸಿ, "ಕೊಸೊನೊಮ್" ಅಂದರು.

"ಎಂತ ಅಂತೆ?" ಎಂದಳು ಅಂಜನಮ್ಮ.

"ಕೋಸು ಬೇಕಂತೆ" ಅಂದ ಮಲ್ಲೇಶ. ಇದಕ್ಕೆ ಮಗಳ ಸಹಾಯವೂ ಬೇಕಾಗಲಿಲ್ಲ.

ಅಂಜನಮ್ಮ ಒಂದು ಸೌಟು ಕೋಸಿನ ಪಲ್ಯ ಹಾಕಿದಳು. ಇಲೋನಾ ಮತ್ತೆ "ಕೊಸೊನೊಮ್" ಅಂದರು. ಇನ್ನೊಂದು ಸೌಟು. ಮತ್ತೆ "ಕೊಸೊನೊಮ್". ತಟ್ಟೆಯಲ್ಲಿ ಕೋಸಿನ ಗುಡ್ಡ ಎದ್ದಿತು. ಲಾಸ್ಲೋ ಹೆಂಡತಿಯ ನೆರವಿಗೆ ಬಂದು, ಸಾಕು ಎನ್ನುವಂತೆ ಕೈ ಅಡ್ಡ ಹಿಡಿದು, ತುಂಬ ವಿನಯದಿಂದ ಎರಡು ಸಲ "ಕೊಸೊನೊಮ್" ಅಂದರು. ಅವರಿಗೂ ಎರಡು ಸೌಟು ಬಿತ್ತು.

"ಇಷ್ಟು ವರ್ಷ ಅಡುಗೆ ಮಾಡಿದೀನಿ ರೈಟ್ರೆ, ನನ್ನ ಪಲ್ಯನ ಹೀಗೆ ಕೇಳಿ ಕೇಳಿ ಹಾಕಿಸ್ಕೊಂಡೋರು ಯಾರೂ ಇಲ್ಲ" ಎಂದು ಅಂಜನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ದಂಪತಿಗಳು ಬೆವರುತ್ತಾ ಒಂದು ಎಸಳೂ ಬಿಡದೆ ತಿಂದರು.

ಊಟವಾದ ಮೇಲೆ ಎಲ್ಲರೂ ಹೊರಗೆ ಅಂಗಳಕ್ಕೆ ಬಂದರು. ಅಂಗಳದ ಕೊನೆಯಲ್ಲಿ ಒಂದು ಭಾರಿ ಗೋಣಿ ಮರ. ಮಕ್ಕಳು ಅದರ ನೆರಳಿನಲ್ಲಿ ಚೆಂಡಾಟ ಶುರು ಮಾಡಿದರು. ಮಲ್ಲೇಶ ಕಟ್ಟೆಯ ಮೇಲೆ ಕೂತು ಕಾಲು ಚಾಚಿದ. ಇನ್ನು ಎರಡು ಗಂಟೆ ಕಳೆದರೆ ಗೆದ್ದ ಹಾಗೆ.

ಆಗ ಇಲೋನಾ ಮರದ ಮೇಲೆ ನೋಡಿದರು. ನೋಡಿದವರ ಮುಖ ಬಿಳಿಚಿತು. ಮೊದಲೇ ಬಿಳಿ, ಇನ್ನೂ ಬಿಳಿಯಾಯಿತು. ಬೆರಳು ಮೇಲೆ ಮಾಡಿ, "ಮೇ, ಮೇ" ಅಂದರು.

ಮಲ್ಲೇಶ ಮಗಳ ಕಡೆ ನೋಡಿದ. "ಎಲ್ರೂ ಕುರಿಮರಿ ಥರ ಕೂಗ್ಬೇಕಂತೆ" ಅಂದಳು ದಿವ್ಯಾ.

ಬೆಳಗಿನ ಕತೆಗೆ ಹೊಂದುವ ಆಟ. ಮಲ್ಲೇಶ ಕಟ್ಟೆಯ ಮೇಲೆ ಎದ್ದು ನಿಂತು, "ಎಲ್ರೂ ಮೇಲೆ ನೋಡಿ ಕುರಿ ಥರ ಕೂಗಿ, ಜೋರಾಗಿ" ಅಂದ. ನಲವತ್ತು ಗಂಟಲು ಒಟ್ಟಿಗೆ 'ಮೇ' ಎಂದವು. ತೋಟದಾಚೆ ಯಾರದೋ ಮನೆಯ ನಿಜವಾದ ಆಡೊಂದು ಉತ್ತರ ಕೊಟ್ಟಿತು.

ಇಲೋನಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, ಗಾಬರಿಯ ದನಿ ಅಡಗಿಸಿ, "ಚೆಂಡ್, ಚೆಂಡ್" ಅಂದರು.

ಮಲ್ಲೇಶ ತಡಮಾಡಲಿಲ್ಲ. ಕಾಲ ಬಳಿ ಬಂದ ಚೆಂಡನ್ನು ಅವರ ಕಡೆಗೆ ಒದ್ದ. ಹೈಸ್ಕೂಲು ಬಿಟ್ಟ ಮೇಲೆ ಅವನು ಚೆಂಡು ಒದ್ದಿರಲಿಲ್ಲ. ಅದು ಇಲೋನಾ ಕಡೆಗೆ ಹೋಗದೆ ನೇರ ಮೇಲಕ್ಕೆ ಹೋಗಿ ಗೋಣಿ ಮರದ ಕೊಂಬೆಗೆ ಬಡಿಯಿತು. ಮೇಲೆ ಏನೋ ಕರ್ರಗೆ, ಕಂಬಳಿ ಒಣಗಿಸಿದ ಹಾಗೆ ನೇತಾಡುತ್ತಿದ್ದುದನ್ನು ಅವನು ಆಗ ನೋಡಿದ. ಕಂಬಳಿ ಒಮ್ಮೆ ನಡುಗಿತು.

ಹೆಜ್ಜೇನು.

ಲಾಸ್ಲೋ ತಮ್ಮ ವಯಸ್ಸು ಮರೆತು ಓಡಿ ಬಂದು ಚಿಕ್ಕ ಮಕ್ಕಳಿಬ್ಬರನ್ನು ಎರಡು ಕಂಕುಳಲ್ಲಿ ಎತ್ತಿಕೊಂಡರು. ಮಲ್ಲೇಶ "ಒಳಗೆ, ಎಲ್ರೂ ಒಳಗೆ" ಎಂದು ಕೂಗಿದ. ಆ ದಿನ ಅವನು ಅನುವಾದದ ನೆಪವಿಲ್ಲದೆ ಮಕ್ಕಳಿಗೆ ಹೇಳಿದ ಮೊದಲ ಮಾತು ಅದು. ಮಕ್ಕಳು ಕಾಳು ಚೆಲ್ಲಿದ ಹಾಗೆ ಚರ್ಚಿನೊಳಗೆ ನುಗ್ಗಿದರು. ಬಾಗಿಲಲ್ಲಿ ಅಂ‍ಜನಮ್ಮ ಒಬ್ಬೊಬ್ಬರನ್ನೇ ಒಳಗೆ ಎಳೆದುಕೊಂಡಳು. ದಿವ್ಯಾ ಅಂಗಳದ ನಡುವೆ ಎಡವಿ ಬಿದ್ದಳು. ಮಲ್ಲೇಶ ಹಿಂದೆ ಓಡಿ, ಮಗಳ ಮೇಲೆ ಇಸ್ತ್ರಿ ಅಂಗಿ ಕಳಚಿ ಹೊದಿಸಿ, ಎದೆಗವುಚಿಕೊಂಡು ಬಂದ. ಬಾಗಿಲು ಮುಚ್ಚಿಕೊಂಡಾಗ ಮಕ್ಕಳಲ್ಲಿ ಒಬ್ಬರಿಗೂ ಒಂದು ಹುಳ ಕಚ್ಚಿರಲಿಲ್ಲ. ಕಚ್ಚುವಷ್ಟನ್ನೂ ಮಲ್ಲೇಶನಿಗೇ ಕಚ್ಚಿದ್ದವು. ಬೆನ್ನಿಗೆರಡು, ಕಿವಿಗೊಂದು, ಮೇಲ್ದುಟಿಗೊಂದು, ಕೆಳದುಟಿಗೊಂದು.

ಲಾಸ್ಲೋ ಅವನನ್ನು ಬೆಂಚಿನ ಮೇಲೆ ಕೂರಿಸಿ, ಉಗುರಿನಿಂದ ಒಂದೊಂದೇ ಮುಳ್ಳನ್ನು ಕೆರೆದು ತೆಗೆದರು. ನುರಿತ ಕೈ. ನಡುನಡುವೆ ಮೆತ್ತಗೆ ಏನೋ ಹೇಳುತ್ತಿದ್ದರು. ದಿವ್ಯಾ ಅಪ್ಪನ ಕೈ ಹಿಡಿದು ಕೂತಿದ್ದಳು. ಈ ಸಲ ಅವಳು ಏನನ್ನೂ ಅನುವಾದಿಸಲಿಲ್ಲ. ಹತ್ತು ನಿಮಿಷದಲ್ಲಿ ಮಲ್ಲೇಶನ ತುಟಿಗಳು ಎರಡು ಬಾಳೆಹಣ್ಣಾದವು. ಮಾತಾಡಲು ನೋಡಿದರೆ 'ಬ' ಮತ್ತು 'ಮ' ಬಿಟ್ಟು ಬೇರೆ ಅಕ್ಷರ ಹೊರಡಲಿಲ್ಲ.

ನೋವಿನ ನಡುವೆಯೂ ಅವನ ಒಳಗೊಂದು ಸಂತೋಷ ಮೊಳೆಯಿತು. ಬಾಯಿ ಹೋದವನನ್ನು ನಾಳೆ ಯಾರು ಅನುವಾದಕ್ಕೆ ಕರೆಯುತ್ತಾರೆ?

ಹುಳಗಳೆಲ್ಲ ಗೂಡಿಗೆ ಮರಳಿ ಅಂಗಳ ಶಾಂತವಾದಾಗ ನಾಲ್ಕು ಗಂಟೆ. ಜೀಪು ಬಂತು. ಇಳಿದ ಪಾಸ್ಟರ್ ಮುಖ ಇಳಿದುಹೋಗಿತ್ತು. ಜೊತೆಗೆ ಇಪ್ಪತ್ತೈದರ ಹುಡುಗಿ, ಕೈಯಲ್ಲಿ ಡ್ರಿಪ್ಪಿನ ಪಟ್ಟಿ. ಹೆಸರು ಎಸ್ತೆರ್.

"ಜೀಪು ದಾರೀಲಿ ಕೆಟ್ಟು ಕೂತ್ಕೊಂಡ್ತು ರೈಟ್ರೆ. ನೀವೆಲ್ಲ ಬೆಳಿಗ್ಗೆಯಿಂದ ಸುಮ್ನೆ ಕಾದು..." ಎಂದ ಪಾಸ್ಟರ್, ಮಲ್ಲೇಶನ ತುಟಿ ನೋಡಿ ಮಾತು ನಿಲ್ಲಿಸಿದರು. ಅಷ್ಟರಲ್ಲಿ ಮಕ್ಕಳು ಅವರನ್ನು ಮುತ್ತಿಕೊಂಡು ನೂರು ಕುರಿಯ ಕತೆಯನ್ನು ಒಂದು ಬಿಡದೆ ಹೇಳಿದರು. ಪಾಸ್ಟರ್ ಕೇಳುತ್ತ ಕೇಳುತ್ತ ಬೆರಗಾದರು. ಹರಕೆಯ ಭಾಗ ಬಂದಾಗ ಸ್ವಲ್ಪ ಕೆಮ್ಮಿದರು, ಅಷ್ಟೇ.

ಇತ್ತ ಇಲೋನಾ ಎಸ್ತೆರಳ ಕೈ ಹಿಡಿದು, ಮಲ್ಲೇಶನ ಕಡೆ ತೋರಿಸುತ್ತ, ಅದೇ ನಲ್ಲಿ ನೀರಿನ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ಎಸ್ತೆರ್ ಕಣ್ಣರಳಿಸಿ ಮಲ್ಲೇಶನ ಬಳಿ ಬಂದಳು. ನಿಧಾನವಾಗಿ, ಬಿಡಿಸಿ ಬಿಡಿಸಿ, ಇಂಗ್ಲಿಷಿನಲ್ಲಿ ಹೇಳಿದಳು: ಸರ್, ನಾನು ತಡವಾಗಿ ಬಂದೆ, ಕ್ಷಮಿಸಿ. ನನ್ನ ಹೊಟ್ಟೆ ಸರಿಯಿರಲಿಲ್ಲ.

ಮಲ್ಲೇಶ ಬೆಂಚಿನಲ್ಲಿ ನೆಟ್ಟಗೆ ಕೂತ. ಅಷ್ಟೂ ಅರ್ಥವಾಗಿತ್ತು. ಒಂದೊಂದು ಪದವೂ. ಜೇನಿನ ವಿಷ ಕಿವಿಗೆ ಏರಿ ಇಂಗ್ಲಿಷು ತೆರೆದುಕೊಂಡಿತೋ ಏನೋ ಎಂದು ಕಿವಿ ಮುಟ್ಟಿ ನೋಡಿಕೊಂಡ.

ಎಸ್ತೆರ್ ಮುಂದುವರಿಸಿದಳು: ನೀವು ಹಂಗೇರಿಯನ್ ಭಾಷೆ ಎಲ್ಲಿ ಕಲಿತಿರಿ?

ಅದೂ ಅರ್ಥವಾಯಿತು, ಒಂದು ಪದ ಬಿಟ್ಟು. ಮಲ್ಲೇಶ ಪಾಸ್ಟರ್ ಕಡೆ ತಿರುಗಿ, "ಬಂಬೇಬಿ?" ಎಂದು ಕೇಳಿದ.

"ಹೌದಲ್ಲ, ಅವ್ರು ಹಂಗೇರಿ ದೇಶದೋರು" ಅಂದರು ಪಾಸ್ಟರ್. "ಇವ್ರಿಬ್ರಿಗೂ ಇಂಗ್ಲಿಷಿನ ಗಂಧವೇ ಇಲ್ಲ ರೈಟ್ರೆ. ಇವಳು ಅದನ್ನ ಇಂಗ್ಲಿಷು ಮಾಡಿ ಹೇಳ್ಬೇಕಿತ್ತು, ನೀವು ಕನ್ನಡ ಮಾಡ್ಬೇಕಿತ್ತು. ಇವಳೇ ಇಲ್ಲದೆ ದಿನ ಹಾಳಾಯ್ತು ಅಂತ ನಾನು ದಾರಿಯುದ್ದಕ್ಕೂ ಪ್ರಾರ್ಥನೆ ಮಾಡ್ತಾ ಬಂದೆ. ಇಲ್ಲಿ ನೋಡಿದ್ರೆ ನೀವು ನೇರವಾಗಿ..."

ಬೆಳಿಗ್ಗೆಯಿಂದ ಕೇಳಿದ್ದು ಇಂಗ್ಲಿಷೇ ಅಲ್ಲ. ಮಲ್ಲೇಶನಿಗೆ ಮೊದಲು ಹಗುರವೆನಿಸಿತು. ಹಾಗಾದರೆ ತಾನು ಅಷ್ಟೇನೂ ದಡ್ಡನಲ್ಲ. ಮರುಗಳಿಗೆಯಲ್ಲೇ ಪಾಸ್ಟರ್ ತನ್ನನ್ನು ಏನೆಂದು ತಿಳಿದಿದ್ದಾರೆಂದು ಹೊಳೆಯಿತು. ಅವನು ಜೋರಾಗಿ ತಲೆ ಅಲ್ಲಾಡಿಸಿ, "ಬಬ್ಬಬೆ ಬಂಬಿಬ್ಬ" ಅಂದ. ನನಗೆ ಏನೂ ಬರಲ್ಲ ಎಂದು ಹೇಳಿದ್ದು ಅವನು.

"ಎಷ್ಟು ವಿನಯ ನೋಡಿ" ಎಂದರು ಪಾಸ್ಟರ್.

ಇಲೋನಾ ಹೇಳಿದ್ದನ್ನೆಲ್ಲ ಎಸ್ತೆರ್ ನಿಧಾನವಾಗಿ ಇಂಗ್ಲಿಷಿನಲ್ಲಿ ತಿಳಿಸಿದಳು, ಪಾಸ್ಟರ್ ಅದನ್ನು ಕನ್ನಡಕ್ಕೆ ತಂದರು. "ನಿಮಗೆ ಎಲ್ಲಾ ತಿಳಿಯುತ್ತೆ, ಆದ್ರೆ ಮಾತಾಡೋಕೆ ಸಂಕೋಚ ಅಂತಾರೆ. ಬೆಳಿಗ್ಗೆ 'ಯೋ ರೆಗ್ಗೆಲ್ತ್', ಅಂದ್ರೆ ಗುಡ್ ಮಾರ್ನಿಂಗ್ ಅಂದಾಗ ಥಟ್ಟನೆ ಉತ್ತರ ಕೊಟ್ರಂತೆ. ಅವ್ರು 'ಚೆಂಡ್', ಅಂದ್ರೆ ಗಲಾಟೆ ಮಾಡ್ಬೇಡಿ ಅಂದಾಗ ನೀವು ಚೆಂಡು ಕೊಟ್ಟು ಸುಸ್ತಾಗೋವರೆಗೂ ಆಡಿಸಿ ಸುಮ್ಮನಾಗಿಸಿದ್ರಂತೆ, ಅಂಥ ಉಪಾಯ ಅವ್ರ ದೇಶದಲ್ಲಿ ಯಾರಿಗೂ ಗೊತ್ತಿಲ್ಲವಂತೆ. ಇಲ್ಲಿ ಒಂದು ಸಲ ಥ್ಯಾಂಕ್ಸ್ ಅಂದ್ರೆ ಒಂದು ಸೌಟು ಕೋಸು ಬಡಿಸ್ತಾರೆ, ಇಂಥ ಧಾರಾಳ ಎಲ್ಲೂ ನೋಡಿಲ್ಲವಂತೆ. ಒಂದೇ ಸಂಶಯ. 'ಮೇ', ಅಂದ್ರೆ ಜೇನುಹುಳ ಇದೆ ಅಂದಾಗ ಮಕ್ಕಳಿಂದ ಯಾಕೆ ಕೂಗಿಸಿದ್ರಿ ಅಂತ."

ಮಲ್ಲೇಶ ಬಾಯಿ ತೆರೆದ. "ಬ್ಮ" ಅಂದ.

"ನಮ್ಮ ಮಲೆನಾಡು ಕಡೆ ಹಂಗೇ, ಕೂಗಿ ಓಡಿಸೋದು" ಎಂದು ಅಂಜನಮ್ಮ ಅವನ ಪರವಾಗಿ ಹೇಳಿಬಿಟ್ಟಳು. ಅದೂ ಎರಡು ಭಾಷೆ ದಾಟಿ ಲಾಸ್ಲೋಗೆ ತಲುಪಿತು. ಊರಲ್ಲಿ ನಲವತ್ತು ಜೇನುಪೆಟ್ಟಿಗೆ ಸಾಕುತ್ತಿದ್ದ ಮನುಷ್ಯ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಆ ಹೊಸ ವಿಷಯವನ್ನು ಬರೆದುಕೊಂಡರು.

ಪಾಸ್ಟರ್ ಮಲ್ಲೇಶನ ಹೆಗಲ ಮೇಲೆ ಕೈಯಿಟ್ಟರು. "ಪಂಚಾಶತ್ತಮ ದಿನದಲ್ಲಿ ಯೇಸುವಿನ ಶಿಷ್ಯರೆಲ್ಲ ತಾವು ಕಲಿಯದ ಭಾಷೆಯಲ್ಲಿ ಮಾತಾಡಿದ್ರು ಅಂತ ಬೈಬಲಲ್ಲಿ ಓದಿದ್ದೆ ರೈಟ್ರೆ. ನಮ್ಮ ಬಿದರಗುಡ್ಡದಲ್ಲಿ ಕಣ್ಣಾರೆ ನೋಡ್ತೀನಿ ಅಂದ್ಕೊಂಡಿರಲಿಲ್ಲ. ಡಾಕ್ಟ್ರು ಈ ಹುಡುಗಿಗೆ ನಾಲ್ಕು ದಿನ ರೆಸ್ಟು ಹೇಳಿದಾರೆ. ಹೆಂಗಪ್ಪಾ ಅಂತಿದ್ದೆ. ಇನ್ನು ಆ ಚಿಂತೆಯಿಲ್ಲ. ತುಟಿ ಊತ ರಾತ್ರಿಗೆ ಇಳಿಯುತ್ತೆ. ನಾಳೆ ಒಂಬತ್ತಕ್ಕೆ ಬಂದುಬಿಡಿ."

ನೋವಿಗೆ ಓಡಿಸಲಾಗದೆ ಬೈಕು ತಳ್ಳಿಕೊಂಡು ಏರು ಹತ್ತುವಾಗ ಮಲ್ಲೇಶ ಮಗಳನ್ನು ಕೇಳಿದ. ತುಟಿ ಕೈಯಲ್ಲಿ ಹಿಡಿದುಕೊಂಡರೆ ಒಂದೊಂದು ಪದ ಹೊರಡುತ್ತಿತ್ತು.

"ನೀನು... ಹೇಳಿದ್ದು... ಎಂತದು ಮತ್ತೆ?"

ದಿವ್ಯಾ ಬೈಕನ್ನು ಹಿಂದಿನಿಂದ ತಳ್ಳುತ್ತಲೇ ಹೇಳಿದಳು. "ನಂಗೂ ಅದು ಇಂಗ್ಲಿಷು ಅಂತಾನೇ ಅನ್ಸಿದ್ದು. ನಾಲ್ಕನೇ ಕ್ಲಾಸಿನ ಇಂಗ್ಲಿಷೇನೋ, ಮುಂದಿನ ವರ್ಷ ಬರುತ್ತೆ ಅಂದ್ಕೊಂಡೆ. ನೀನು ಖುಷಿ ಖುಷಿ ಅಂತ ತಡವರಿಸ್ತಿದ್ದೆ. ಎಲ್ರೂ ನಗೋಕೆ ಶುರು ಮಾಡಿದ್ರು. ಅದಕ್ಕೆ ನಂಗೆ ತೋಚಿದ್ದು ಹೇಳ್ದೆ."

ಮಲ್ಲೇಶ ಬೈಕು ನಿಲ್ಲಿಸಿ ಮಗಳ ತಲೆ ಸವರಿದ. ಬಯ್ಯಲು ಬಾಯಿಯೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಮನೆಗೆ ಹೋಗುತ್ತಲೇ ಎಲ್ಲ ನಿಜವನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಪಾಸ್ಟರಿಗೆ ಕಳಿಸಿಬಿಡುವುದು ಎಂದು ತೀರ್ಮಾನ ಮಾಡಿದ. ಆ ತೀರ್ಮಾನ ಅವನ ಮೈಯನ್ನು ಹಗುರ ಮಾಡಿತು.

ಮನೆಯ ಜಗಲಿಯಲ್ಲಿ ಪುಟ್ಟಸ್ವಾಮಿ ಕೂತಿದ್ದರು. ಪಕ್ಕದಲ್ಲಿ ಕಳೆ ಹೊಡೆಯುವ ಮಷಿನ್ನು. ಕೈಯಲ್ಲಿ ಒಂದು ದಪ್ಪ ಪುಸ್ತಕ. ಭುವನಾ ಅವರಿಗೆ ಕಾಫಿ ಕೊಟ್ಟು, ಗಂಡನನ್ನು ಹೊಸದಾಗಿ ಮದುವೆಯಾದವಳ ಹಾಗೆ ನೋಡುತ್ತ ನಿಂತಿದ್ದಳು.

"ಬನ್ನಿ ರೈಟ್ರೆ, ನಿಮ್ಮನ್ನೇ ಕಾಯ್ತಿದ್ದೆ" ಅಂದರು ಪುಟ್ಟಸ್ವಾಮಿ. "ಅಂಜನಮ್ಮ ಎಲ್ಲಾ ಹೇಳಿದ್ಲು. ನೋಡಿ, ಈ ಮಷಿನ್ನು ತಂದು ಎರಡು ತಿಂಗಳಾಯ್ತು, ಒಂದು ದಿನ ಸ್ಟಾರ್ಟ್ ಆಗ್ಲಿಲ್ಲ. ಮೂಡಿಗೆರೆ ಮೆಕ್ಯಾನಿಕ್ಕೂ ಕೈಬಿಟ್ಟ. ಜೊತೆಗೆ ಈ ಪುಸ್ತಕ ಕೊಟ್ಟಿದಾರೆ. ಇಪ್ಪತ್ತು ಭಾಷೆ ಇದೆ, ಕನ್ನಡ ಮಾತ್ರ ಇಲ್ಲ. ನನ್ನ ಮಗಳು ರಕ್ಷಾ ನೋಡಿ ಹೇಳಿದ್ಲು, ಹಂಗೇರಿಯದ್ದು ಇದೆಯಂತೆ, ಎಪ್ಪತ್ತನೇ ಪುಟ. ಒಂಚೂರು ಓದಿ ಹೇಳಿಬಿಡಿ ಮಾರಾಯ್ರೆ."

ಮಲ್ಲೇಶ ತನ್ನ ತುಟಿ ತೋರಿಸಿದ. ಕೈ ಮುಗಿದ. ತಲೆ ಅಲ್ಲಾಡಿಸಿದ.

"ಬಾಯಿ ನೋವಾದ್ರೆ ಮಗು ಹೇಳ್ಲಿ. ಕಿವೀಲಿ ಹೇಳ್ಕೊಡ್ತಿದ್ದಿದ್ದು ಅವಳೇ ಅಲ್ವಾ, ನಾನೇ ನೋಡಿದೀನಿ" ಎಂದು ಪುಟ್ಟಸ್ವಾಮಿ ಪುಸ್ತಕವನ್ನು ದಿವ್ಯಾಳ ಕೈಗಿಟ್ಟರು.

ಮಲ್ಲೇಶ ಮಗಳಿಗೆ ಕಣ್ಣಲ್ಲೇ ಬೇಡ ಅಂದ. ದಿವ್ಯಾ ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, ಮಷಿನ್ನು ನೋಡಿದಳು. ಆಮೇಲೆ ಪುಟದ ಮೇಲೆ ಬೆರಳಾಡಿಸುತ್ತ ನಿಧಾನವಾಗಿ ಹೇಳಿದಳು.

"ಮೊದಲು ಆ ಕೆಂಪು ಗುಂಡೀನ ಮೇಲೆ ತಳ್ಬೇಕಂತೆ. ಆಮೇಲೆ ಹಗ್ಗ ಎಳೀಬೇಕಂತೆ."

"ಕೆಂಪು ಗುಂಡಿ ಅಂತ ಯಾರೂ ಹೇಳೇ ಇರ್ಲಿಲ್ಲ" ಎಂದರು ಪುಟ್ಟಸ್ವಾಮಿ. ಗುಂಡಿ ತಳ್ಳಿದರು. ಮಷಿನ್ನಿನ ಮೇಲೆ ಒಂದು ಕಾಲಿಟ್ಟು ಹಗ್ಗ ಎಳೆದರು.

ಒಂದೇ ಎಳೆತಕ್ಕೆ ಅದು ಗುರ್ರೆಂದು ಹತ್ತಿಕೊಂಡಿತು. ಜಗಲಿಯ ಮುಂದಿನ ಭುವನಾಳ ಡೇರೆ ಹೂವಿನ ಗಿಡಗಳೆಲ್ಲ ಕ್ಷಣದಲ್ಲಿ ನೆಲಸಮವಾದವು. ಪುಟ್ಟಸ್ವಾಮಿ ಮಷಿನ್ನನ್ನು ಎದೆಗಪ್ಪಿ ನಗುತ್ತ ನಿಂತರು. ಆ ಸದ್ದಿಗೆ ಎಸ್ಟೇಟಿನ ಆಳುಗಳ ಲೈನ್ ಮನೆಗಳ ಬಾಗಿಲು ಒಂದೊಂದೇ ತೆರೆದವು. ಬೇಲಿಯಾಚೆಯಿಂದ ಹೆಂಗಸೊಬ್ಬಳು ಕೂಗಿ ಹೇಳುತ್ತಿದ್ದಳು:

"ರೈಟ್ರೆ, ಅಲ್ಲೇ ಇರಿ. ನಮ್ಮನೆ ವಾಷಿಂಗ್ ಮಷಿನ್ನಿನ ಪುಸ್ತಕ ತರ್ತೀನಿ."